ಹತ್ತೊಂಬತ್ತರ ಕೆಳಗೆ ಹದಿನೇಳು

ಟೈಲರಮ್ಮನ ಗಂಡ ಊರಿನ ನೀರನ್ನು ಕದ್ದನಂತೆ! ಕದ್ದು ಎಲ್ಲಿಟ್ಟುಕೊಂಡಿದ್ದಾನೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಇರುವುದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಇಸ್ತ್ರಿ ಮೇಜು, ಹೊಲಿದು ನೇತುಹಾಕಿದ ಪ್ಯಾಂಟುಗಳು. ಹಿಂದಿನ ಕೋಣೆಯಲ್ಲಿ ಒಲೆ, ಮಂಚ, ಎರಡು ಕೊಡ, ಒಂದು ಡ್ರಮ್ಮು. ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ನೀರು. ಒಂದೇ ರಾತ್ರಿಗೆ ಅಣೆಕಟ್ಟಿನಿಂದ ಒಂದು ಮೀಟರು ನೀರು ಮಾಯ ಮಾಡಿದ ಈ ಮಹಾಶಯ ಮುಖ ತೊಳೆಯಲು ಒಂದು ಲೋಟದ ಮೇಲೆ ಇನ್ನೊಂದು ಲೋಟ ಬಗ್ಗಿಸಿದರೆ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ.

ಅವನದು ಅಣೆಕಟ್ಟಿನ ಗೇಟು ಕಾಯುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೊಂದೇ ಕೆಲಸ. ನೀರಿನ ನಡುವೆ ಒಂದು ಕಲ್ಲಿನ ಗೋಪುರ, ಅದರ ಮೈಮೇಲೆ ಮೇಲಿಂದ ಕೆಳಕ್ಕೆ ಮೀಟರಿಗೊಂದರಂತೆ ದೊಡ್ಡ ಅಂಕಿ, ಎರಡು ಅಂಕಿಗಳ ನಡುವೆ ಸಣ್ಣ ಸಣ್ಣ ಗೀಟು. ಬೆಳಗ್ಗೆ ಆರು ಗಂಟೆಗೆ ದಂಡೆಯ ಮೇಲಿನ ಶೆಡ್ಡಿನಿಂದ ದುರ್ಬೀನು ಹಿಡಿದು, ನೀರು ಎಲ್ಲಿಗೆ ಮುಟ್ಟಿದೆ ನೋಡಿ, ಪುಸ್ತಕದಲ್ಲಿ ಬರೆದು, ಆಫೀಸಿಗೆ ಫೋನು ಮಾಡಬೇಕು. ಕೆಲಸಕ್ಕೆ ಸೇರಿದ ದಿನವೇ ಸಾಹೇಬರು ಹೇಳಿದ್ದರು: ನೀರಿಗೆ ತಾಗಿದ ಅಂಕಿ ನೋಡು, ಬರಿ, ಲೆಕ್ಕ ಗಿಕ್ಕ ನೀನು ಹಾಕಬೇಡ, ಅದಕ್ಕೆ ನಾವಿದ್ದೇವೆ. ಅವನೂ ಹಾಕಲಿಲ್ಲ. ಜ್ವರವಿದ್ದರೂ, ಮದುವೆಯ ಮಾರನೇ ದಿನವೂ, ಆರು ಹೊಡೆಯುವಾಗ ದುರ್ಬೀನು ಕಣ್ಣಿಗಿರುತ್ತಿತ್ತು.

ಎರಡು ವರ್ಷ ಮಳೆ ಕೈಕೊಟ್ಟಿತ್ತು. ಬರಕ್ಕೆ ನೀರು ಎಂದೂ ಇಳಿಯದಷ್ಟು ಇಳಿದಿತ್ತು. ಒಂದು ಮಂಗಳವಾರ ಅವನು ಹತ್ತೊಂಬತ್ತರ ಕೆಳಗೆ ಒಂಬತ್ತು ಗೀಟು ಎಣಿಸಿ ಹದಿನೆಂಟು ಮೀಟರು ಹತ್ತು ಸೆಂಟಿಮೀಟರು ಎಂದು ಬರೆದ. ಬುಧವಾರ ನೀರಿಗೆ ತಾಗಿಕೊಂಡು ಮುಂದಿನ ಅಂಕಿ ಕಂಡಿತು. ಅದು ಹದಿನೇಳು. ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿ, ಕಂಡದ್ದನ್ನೇ ಬರೆದ. ದಿನಕ್ಕೊಂದು ಗೀಟಿನಂತೆ ಇಳಿಯುತ್ತಿದ್ದ ನೀರು ಒಂದೇ ರಾತ್ರಿಯಲ್ಲಿ ಒಂದು ಮೀಟರಿಗಿಂತ ಹೆಚ್ಚು ಇಳಿದಿತ್ತು. ಇಡೀ ಊರು ಹತ್ತು ದಿನ ಕುಡಿದು ಬಳಸುವಷ್ಟು ನೀರು ಅದು. ಗೇಟಿನ ಬೀಗದ ಕೈ ಯಾರ ಹತ್ತಿರ ಇತ್ತು? ಇವನ ಹತ್ತಿರ. ಮುಗಿಯಿತಲ್ಲ ಕತೆ! ಗುರುವಾರ ಮಧ್ಯಾಹ್ನಕ್ಕೆ ಅಮಾನತಿನ ಕಾಗದ ಬಂತು.

ಆಮೇಲೆ ಶುರುವಾಯಿತು ನೋಡಿ ಚರ್ಚೆ. ಟೀವಿಯಲ್ಲಿ ಚರ್ಚೆ, ಕ್ಷೌರದಂಗಡಿಯಲ್ಲಿ ಚರ್ಚೆ, ಟ್ಯಾಂಕರಿನ ಸಾಲಿನಲ್ಲಿ ಕೊಡ ಹಿಡಿದು ನಿಂತವರ ಚರ್ಚೆ. ಎದುರು ಪಕ್ಷದವರ ಕಾರ್ಖಾನೆಗಳಿಗೆ ಗೇಟಿನವನು ನೀರು ಬಿಟ್ಟ ಎಂದು ಸರ್ಕಾರದವರು. ಮಂತ್ರಿಯ ಅಳಿಯನ ತೋಟಕ್ಕೆ ಬಿಟ್ಟ ಎಂದು ಎದುರು ಪಕ್ಷದವರು. ಅಣೆಕಟ್ಟಿನ ತಳವೇ ಬಿರುಕು ಬಿಟ್ಟಿದೆ ಎಂದು ಒಬ್ಬ ಪಂಡಿತ. ಬಿಸಿಲಿಗೆ ಆವಿಯಾಯಿತು ಎಂದು ಇನ್ನೊಬ್ಬ. ಒಂದು ರಾತ್ರಿಯಲ್ಲಿ, ಬಿಸಿಲಿಗೆ! ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ ನಲ್ಲಿ ನೀರನ್ನು ಎಂಟು ದಿನಕ್ಕೊಮ್ಮೆ ಮಾಡಿದರು, ಕಳ್ಳತನದಿಂದಾದ ಕೊರತೆ ತುಂಬಬೇಕಲ್ಲ ಅಂತ. ಮಂತ್ರಿಗಳು, ಮುಖಂಡರು, ಪಂಡಿತರು ಒಬ್ಬೊಬ್ಬರಾಗಿ ಅಣೆಕಟ್ಟಿಗೆ ಹೋಗಿ ಅದೇ ಗೋಪುರಕ್ಕೆ ಬೆನ್ನು ಹಾಕಿ ನಿಂತು, ಕ್ಯಾಮೆರಾ ನೋಡಿಕೊಂಡು, ಗಂಟಲು ಹರಿಯುವಂತೆ ಮಾತಾಡಿ ಬಂದರು.

ಟೈಲರಮ್ಮನ ಮೇಜಿನ ಮೇಲಿದ್ದ ಬಟ್ಟೆ ಒಂದೊಂದೇ ಖಾಲಿಯಾಯಿತು. ಶಾಲೆಯವರು ಯೂನಿಫಾರಂ ವಾಪಸು ತರಿಸಿಕೊಂಡರು. ಎದುರು ಮನೆಯಾಕೆ ಅರ್ಧ ಹೊಲಿದ ಕೋಟನ್ನು ಗುಂಡುಸೂಜಿ ಸಮೇತ ಎತ್ತಿಕೊಂಡು, "ತಪ್ಪು ತಿಳ್ಕೋಬೇಡಿ ಟೈಲರಮ್ಮಾ, ನಮ್ಮನೇಲಿ ಮಗು ಸ್ನಾನ ಮಾಡಿ ಆರು ದಿನ ಆಯ್ತು" ಎಂದಳು. ತಪ್ಪು ತಿಳಿಯುವುದಕ್ಕೇನಿದೆ, ಮುಖಕ್ಕೆ ಹೊಡೆದ ಹಾಗೆ ಹೇಳಿಯಾಯಿತಲ್ಲ. ಹತ್ತು ವರ್ಷ ಈಕೆಯ ಅಳತೆ ಹೆಚ್ಚಾದಾಗಲೆಲ್ಲ ಬಾಯಿಬಿಡದೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಟ್ಟವಳು ಟೈಲರಮ್ಮ.

ಅದನ್ನೆಲ್ಲ ಅವಳು ನುಂಗಿಕೊಂಡಾಳು. ನುಂಗಲಾಗದೆ ಹೋದದ್ದು ಗಂಡನ ಅವಸ್ಥೆ. ವಿಚಾರಣೆಯಲ್ಲಿ ತಪ್ಪಿತಸ್ಥನೆಂದರೆ ಕೆಲಸದಿಂದ ವಜಾ, ಸಾಯುವ ತನಕ ನೀರುಗಳ್ಳ ಎಂಬ ಹೆಸರು. ಅವನೋ, ಬಾಯಿಬಿಟ್ಟು ಎದುರಾಡುವುದು ಬಿಟ್ಟು ತನ್ನ ಮೇಲೆ ತಾನೇ ಅನುಮಾನ ಪಡತೊಡಗಿದ್ದ.

"ನೋಡೇ, ನಾನೇ ಮರೆತು ಗೇಟು ತೆರೆದಿದ್ನಾ ಅಂತ," ಎಂದ ಒಂದು ದಿನ.

"ರೀ, ಗೇಟು ತೆರೆಯೋಕೆ ಚಕ್ರ ಎಷ್ಟು ಸುತ್ತು ತಿರುಗಿಸಬೇಕು?"

"ನೂರಾ ನಲವತ್ತು."

"ನೂರಾ ನಲವತ್ತು ಸುತ್ತು ತಿರುಗಿಸಿದ್ದು ಮರೆತುಹೋಗುತ್ತೇನ್ರೀ ಯಾರಿಗಾದ್ರೂ? ನಿಮಗೆ ತಲೆ ಕೆಟ್ಟಿದೆ."

"ನೀರು ಹೋಗಿದ್ದಂತೂ ನಿಜ ಅಲ್ವಾ," ಎಂದು ಅವನು ಗೋಡೆ ನೋಡುತ್ತ ಕೂತ.

ಹೀಗೇ ಒಂದು ತಿಂಗಳಾಯಿತು. ನೀರು ಇನ್ನೂ ಎರಡು ಅಂಕಿ ಇಳಿದು ಹದಿನೈದರ ಹತ್ತಿರ ಬಂದಿತ್ತು. ಬರ ಮತ್ತು ಹೊಸ ನೀರು ನೀತಿಯ ಬಗ್ಗೆ ಶನಿವಾರ ಪುರಭವನದಲ್ಲಿ ಸಾರ್ವಜನಿಕ ಸಭೆ ಎಂದು ಸಾರಿದರು. ಗುರುವಾರ ಟೈಲರಮ್ಮ ಉಳಿದಿದ್ದ ಒಂದೇ ಒಂದು ಶರ್ಟಿಗೆ ಕಾಲರಿನ ಪೇಪರ್ ಕಟಿಂಗ್ ತೆಗೆಯಲು ಹಳೇ ಪೇಪರು ಹಾಸಿದಳು. ಕತ್ತರಿ ಅದರ ಫೋಟೋದಲ್ಲಿದ್ದ ಮಂತ್ರಿಯ ಕುತ್ತಿಗೆಯ ಹತ್ತಿರ ಬಂದು ನಿಂತಿತು. ಅವನ ಹಿಂದೆ ಗೋಪುರ ನಿಚ್ಚಳವಾಗಿ ಕಾಣುತ್ತಿತ್ತು. ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು, ಹದಿನೇಳು, ಹದಿನಾರು.

ದಿನಾ ಟೇಪು ಹಿಡಿಯುವ ಕಣ್ಣು ಅವಳದು. ಟೇಪಿನಲ್ಲಿ ಒಂದು ಅಂಕಿ ಅಳಿಸಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಮೇಲಿಂದ ಕೆಳಕ್ಕೆ ಎಣಿಸಿದಳು, ಕೆಳಗಿಂದ ಮೇಲಕ್ಕೆ ಎಣಿಸಿದಳು. ಹತ್ತೊಂಬತ್ತರಿಂದ ಹದಿನೇಳಕ್ಕೆ ಎಷ್ಟು ದೂರವೋ ಹದಿನೇಳರಿಂದ ಹದಿನಾರಕ್ಕೂ ಅಷ್ಟೇ ದೂರ. ಹದಿನೆಂಟೇ ಇಲ್ಲ! ಅಯ್ಯೋ ದೇವರೇ, ಇಷ್ಟೇನಾ? ನೀರು ಹೋಗಿಯೇ ಇಲ್ಲ. ಹೋದದ್ದು ಒಂದು ಅಂಕಿ. ಗಂಡನನ್ನು ಕೂಗಿ ತೋರಿಸಿದಳು. ಅವನು ಪೇಪರನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು, ಕೊನೆಗೆ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಅವಳಿಗೆ ಅಳು ಬರಲಿಲ್ಲ, ಮೈ ಉರಿಯಿತು. ಒಂದು ತಿಂಗಳು, ಊರಿಗೆ ಊರೇ ಈ ಗೋಪುರದ ಚಿತ್ರ ನೋಡಿದೆ. ಅಷ್ಟು ಓದಿದವರಲ್ಲಿ ಒಬ್ಬನಾದರೂ ಅದನ್ನು ಎಣಿಸಿಲ್ಲ. ಅವರಿಗೆ ಬೇಕಾಗಿದ್ದದ್ದು ಕಳ್ಳ, ಅವನು ಬುಧವಾರವೇ ಸಿಕ್ಕಿದ್ದ.

ಉರಿ ಇಳಿಯುವ ಹೊತ್ತಿಗೆ ಇನ್ನೊಂದು ನೆನಪಾಯಿತು. ಒಂಬತ್ತು ವರ್ಷದ ಹಿಂದೆ, ರಿಪೇರಿಗೆಂದು ಅಣೆಕಟ್ಟು ಬರಿದು ಮಾಡಿದಾಗ, ಹಳೇ ಅಂಕಿ ಅಳಿಸಿ ಹೊಸದಾಗಿ ಬರೆದದ್ದು ಯಾರು? ಅವಳ ಒಡಹುಟ್ಟಿದ ಅಣ್ಣ. ಗಂಡನೇ ಸಾಹೇಬರ ಕೈಕಾಲು ಹಿಡಿದು ಕೊಡಿಸಿದ ಕೆಲಸ.

ಅಣ್ಣ ಬೋರ್ಡು ಬರೆಯುವವನು. ಅಕ್ಷರದಲ್ಲಿ ಎತ್ತಿದ ಕೈ. ಫ್ಲೆಕ್ಸು ಬಂದ ಮೇಲೆ ಕೆಲಸ ಹೋಗಿ, ಅಂಗಡಿಯಲ್ಲಿ ಒಣಗಿದ ಡಬ್ಬಗಳ ನಡುವೆ ಕೂತಿರುತ್ತಿದ್ದ. ತಂಗಿ ಪೇಪರು ಬಿಡಿಸಿ ಮುಂದಿಟ್ಟಳು. ಅವನು ನೋಡಲೇ ಇಲ್ಲ. ನೋಡದೆ ಇದ್ದದ್ದರಿಂದಲೇ ಅವಳಿಗೆ ಗೊತ್ತಾಯಿತು.

"ನಿನಗೆ ಮೊದಲೇ ಗೊತ್ತಿತ್ತು," ಎಂದಳು.

ಅವನು ಬಾಯಿಬಿಟ್ಟ. ಹಗ್ಗದ ಉಯ್ಯಾಲೆಯಲ್ಲಿ ನೇತಾಡುತ್ತ ಮೇಲಿಂದ ಕೆಳಕ್ಕೆ ಬರೆಯುತ್ತ ಬರಬೇಕು. ಊಟಕ್ಕೆ ಹೋಗುವಾಗ, ಬಂದು ಬರೆಯಬೇಕಾದ ಅಂಕಿಯನ್ನು ಮರೆಯದಿರಲೆಂದು ಮುಂಗೈ ಮೇಲೆ ಬಣ್ಣದಲ್ಲಿ ಗೀಚಿಕೊಳ್ಳುವುದು ಅವನ ಅಭ್ಯಾಸ. ಅವತ್ತು ಕೈ ಮೇಲೆ ಹದಿನೆಂಟು ಅಂತ ಇತ್ತು. ಹೊಟ್ಟೆ ತುಂಬಾ ಉಂಡು ಬಂದವನು ಅದನ್ನು ಬರೆದು ಮುಗಿಸಿದ ಅಂಕಿ ಅಂದುಕೊಂಡು ಹದಿನೇಳು ಬರೆದ. ಕೆಳಗೆ ಬಂದಾಗ ಸೊನ್ನೆ ಬರೆದರೂ ಮೀಟರಿನ ಒಂದು ಗೆರೆ ಅಂಕಿಯಿಲ್ಲದೆ ಮಿಕ್ಕಿತು. ಆಗ ತಿಳಿಯಿತು.

"ಮತ್ತೆ?"

"ಮತ್ತೇನು, ಆ ಗೆರೆ ಮೇಲೆ ಕಲ್ಲಿನ ಬಣ್ಣ ಬಳಿದೆ. ಇಡೀ ಕೆಲಸ ತಿರುಗಿ ಮಾಡು ಅಂದಿರೋರು ತಂಗೀ. ಆ ವರ್ಷದ ನೆರೆಗೆ ಒಂದೇ ರಾತ್ರೀಲಿ ಎಲ್ಲ ಮುಳುಗಿಹೋಯ್ತು. ಅದು ಮತ್ತೆ ಕಾಣೋ ಹೊತ್ತಿಗೆ ಊರೇ ಸತ್ತಿರುತ್ತೆ ಅಂದ್ಕೊಂಡೆ."

"ಊರು ಸತ್ತಿಲ್ಲ. ನಿನ್ನ ಭಾವ ಸಾಯ್ತಾ ಇದ್ದಾರೆ." ಅವಳು ಎದ್ದು ನಿಂತಳು. "ಒಂದು ತಿಂಗಳಿಂದ ದಿನಾ ನಮ್ಮನೆಗೆ ಬಂದು, ಅವರ ಪಕ್ಕ ಕೂತು, ಅಯ್ಯೋ ಪಾಪ ಅಂತಿದ್ದೆಯಲ್ಲೋ! ಶನಿವಾರ ಸಭೆಗೆ ಬಂದು ನೀನಾಗಿ ಹೇಳ್ತೀಯೋ, ನಾನು ಹೇಳಲೋ?"

"ಹೇಳ್ತೀನಿ ಕಣೇ. ನನ್ನಾಣೆ, ಹೇಳ್ತೀನಿ," ಎಂದ ಅಣ್ಣ.

ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂಟು ದಿನದಿಂದ ಸ್ನಾನ ಕಾಣದ ಮೈಗಳ ಬೆವರು ವಾಸನೆ. ವೇದಿಕೆಯ ಮೇಲೆ ಮಾತ್ರ ಪ್ರತಿಯೊಬ್ಬರ ಮುಂದೆ ಎರಡೆರಡು ನೀರಿನ ಬಾಟಲಿ. ಮಂತ್ರಿ ಒಂದು ಗುಟುಕು ಕುಡಿದು ಬಾಟಲಿ ಪಕ್ಕಕ್ಕಿಟ್ಟು, ಮಾತಾಡಿ, ಮರೆತು, ಇನ್ನೊಂದನ್ನು ತೆರೆದ. ಎದುರು ಪಕ್ಷದ ಮುಖಂಡನೂ ಹಾಗೇ. ಅದೊಂದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಒಬ್ಬ ಗೇಟುಗಳನ್ನು ಖಾಸಗಿ ಕಾವಲಿನವರಿಗೆ ಕೊಡಬೇಕೆಂದ. ಇನ್ನೊಬ್ಬ ಸರ್ವಪಕ್ಷ ಸಮಿತಿಗೆ ಕೊಡಬೇಕೆಂದ. ಪಂಡಿತರು ಬಣ್ಣಬಣ್ಣದ ನಕ್ಷೆ ತೋರಿಸಿದರು. ಎಲ್ಲ ನಕ್ಷೆಯಲ್ಲೂ ಆ ಬುಧವಾರ ಗೆರೆ ಪ್ರಪಾತಕ್ಕೆ ಬಿದ್ದಿತ್ತು, ಪ್ರತಿ ಸಲವೂ ಜನ ಲೊಚಗುಟ್ಟಿದರು. ಮೂರು ಗಂಟೆ ಹೊತ್ತು ಟೈಲರಮ್ಮ ಆ ಮಾತುಗಳನ್ನು ಕೇಳಿದಳು.

ಸಾರ್ವಜನಿಕರಿಗೆ ತಲಾ ಎರಡು ನಿಮಿಷ ಎಂದರು. ಅವಳು ಮೈಕಿನ ಮುಂದೆ ಹೋಗಿ ಪೇಪರು ಎತ್ತಿ ಹಿಡಿದಳು.

"ನಾನು ಗೇಟಿನವರ ಹೆಂಡತಿ. ಕೂಗಬೇಡಿ, ಎರಡೇ ನಿಮಿಷ. ಈ ಚಿತ್ರದಲ್ಲಿ ಮಂತ್ರಿಗಳನ್ನ ಬಿಟ್ಟು ಅವರ ಹಿಂದಿರೋ ಅಂಕಿ ನೋಡಿ. ಹತ್ತೊಂಬತ್ತರ ಕೆಳಗೆ ಹದಿನೇಳಿದೆ. ಹದಿನೆಂಟು ಬರೆದೇ ಇಲ್ಲ. ನೀರು ಎಲ್ಲೂ ಹೋಗಿಲ್ಲ, ಕೆಳಗಿನ ಅಂಕಿಗಳೆಲ್ಲ ಒಂದೊಂದು ಕಮ್ಮಿ ಇವೆ. ಇದೇ ಲೆಕ್ಕ ಹಿಡ್ಕೊಂಡು ನಮಗೆಲ್ಲ ನೀರು ಅರ್ಧ ಮಾಡಿದ್ದೀರಿ. ನಾವು ಸುಮ್ಮಸುಮ್ಮನೆ ಒಂದು ತಿಂಗಳು ಬಾಯಾರಿದ್ದೀವಿ."

ವೇದಿಕೆಯ ತುದಿಯಲ್ಲಿದ್ದ ದೊಡ್ಡ ಎಂಜಿನಿಯರು ಪೇಪರು ತರಿಸಿಕೊಂಡು ನೋಡಿದ. ಅವನ ತುಟಿ ಅಲುಗಿದ್ದನ್ನು ಅವಳು ಕಂಡಳು. ಎಣಿಸುತ್ತಿದ್ದಾನೆ! ಎಣಿಸಿ ಮುಗಿಯುತ್ತಲೇ ಮುಖದ ರಕ್ತ ಇಳಿಯಿತು. ಎದ್ದು ಮಂತ್ರಿಯ ಕಿವಿಯಲ್ಲಿ ಏನೋ ಹೇಳಿದ. ಮಂತ್ರಿ ಬಾಗಿ ಮುಖಂಡನ ಕಡೆ ನೋಡಿದ. ತಿಂಗಳಿಂದ ಹಾವು ಮುಂಗುಸಿಯ ಹಾಗಿದ್ದ ಇಬ್ಬರೂ ಒಂದು ಗಳಿಗೆ ಒಬ್ಬರನ್ನೊಬ್ಬರು ನೋಡಿಕೊಂಡರು. ಕಳ್ಳನಿಲ್ಲದೆ ಹೋದರೆ ಇಬ್ಬರ ಭಾಷಣವೂ ನೀರುಪಾಲು.

"ಗಂಡನ ಮೇಲಿನ ಈ ತಾಯಿಯ ಪ್ರೀತಿಗೆ ನಾನು ತಲೆಬಾಗ್ತೀನಿ," ಎಂದ ಮಂತ್ರಿ. ಜನ ಚಪ್ಪಾಳೆ ತಟ್ಟಿದರು. ಥೂ, ಚಪ್ಪಾಳೆ!

"ಪ್ರೀತಿ ಅಲ್ಲ ಸ್ವಾಮಿ, ಎಣಿಕೆ! ಬರೆದವನು ನನ್ನ ಅಣ್ಣ. ಇಲ್ಲೇ ಇದ್ದಾನೆ, ಕೇಳಿ."

ಎಲ್ಲರೂ ತಿರುಗಿದರು. ಕೊನೆಯ ಸಾಲಿನಲ್ಲಿ ಅಣ್ಣ ಎದ್ದು ನಿಂತ. ಒಗೆದ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದ. ಅವಳು ಅವನ ಮುಖವನ್ನೇ ನೋಡಿದಳು. ಹೇಳು ಅಣ್ಣಾ, ಒಂದು ಮಾತು ಹೇಳು.

"ನನಗೆ... ಒಂಬತ್ತು ವರ್ಷ ಆಯ್ತು ಬುದ್ಧೀ. ನೆನಪಿಲ್ಲ," ಎಂದು ಅಣ್ಣ ಕೂತುಬಿಟ್ಟ.

ಸಭೆಯಲ್ಲಿ ನಗು ಎದ್ದಿತು. ದೊಡ್ಡ ಎಂಜಿನಿಯರು ಗಂಟಲು ಸರಿಮಾಡಿಕೊಂಡು, ಫೋಟೋ ತೆಗೆದ ಕೋನದಿಂದ ಹಾಗೆ ಕಾಣುವುದುಂಟು ಎಂದ. ಆದರೂ ಸೋಮವಾರ ಹತ್ತು ಗಂಟೆಗೆ ಪತ್ರಿಕೆಯವರ ಸಮ್ಮುಖದಲ್ಲಿ ಖುದ್ದು ಪರಿಶೀಲನೆ ಮಾಡುವುದಾಗಿ ಸಾರಿದ. ಸಭೆ ಮುಗಿದ ಮೇಲೆ ಅವಳು ಅಣ್ಣನನ್ನು ಹುಡುಕಿದಳು. ಅವನು ಪಕ್ಕದ ಕೋಣೆಯ ಬಾಗಿಲಲ್ಲಿ ದೊಡ್ಡ ಎಂಜಿನಿಯರಿನ ಮುಂದೆ ಕೈಕಟ್ಟಿ ನಿಂತಿದ್ದ. ಅವಳನ್ನು ಕಂಡು ಒಳಗಿದ್ದವರು ಯಾರೋ ಬಾಗಿಲು ಹಾಕಿದರು.

ಸೋಮವಾರ ಗಂಡ ಹೆಂಡತಿ ಇಬ್ಬರೂ ನಡೆದು ಹೋದರು. ದಂಡೆಯ ಮೇಲೆ ಕ್ಯಾಮೆರಾಗಳು, ಮಂತ್ರಿ, ಮುಖಂಡ, ಅರ್ಧ ಊರು. ಗೋಪುರದ ಅಂಕಿಗಳನ್ನು ದೊಡ್ಡ ಎಂಜಿನಿಯರೇ ಗಟ್ಟಿಯಾಗಿ ಓದಿದ. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು, ಹದಿನೇಳು, ನೀರಿಗೆ ತಾಗಿಕೊಂಡು ಹದಿನಾರು. ಕೆಳಗಿನ ಮೂರು ಅಂಕಿಗಳು ಬಿಸಿಲಿಗೆ ಹಸಿಹಸಿಯಾಗಿ ಹೊಳೆಯುತ್ತಿದ್ದವು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಊರಿನಲ್ಲಿ ಹಾಗೆ ಬರೆಯುವ ಕೈ ಒಂದೇ.

"ಬಣ್ಣ ಹಸಿ ಇದೆ! ನೋಡ್ರೀ, ಇನ್ನೂ ಹಸಿ ಇದೆ!" ಎಂದು ಅವಳು ಕೂಗಿದಳು.

ಅಷ್ಟರಲ್ಲಿ ಯಾರೋ ಒಬ್ಬ, "ನಿನ್ನೆ ಹದಿನೈದಿತ್ತಲ್ಲ, ಇವತ್ತು ಹದಿನಾರು! ನೀರು ಏರಿದೆ!" ಎಂದ. ಮಂತ್ರಿ ತಡಮಾಡಲಿಲ್ಲ. ಬಿಗಿ ಕ್ರಮ ಕೈಗೊಂಡದ್ದರಿಂದ ಸೋರಿಕೆ ನಿಂತು ಒಂದು ಮೀಟರು ನೀರು ಮರಳಿ ಬಂದಿದೆ ಎಂದ. ಜನರ ಹೋರಾಟದಿಂದಲೇ ಮರಳಿತು ಎಂದು ಮುಖಂಡ ಪಕ್ಕದ ಮೈಕಿನಲ್ಲಿ ಹೇಳಿದ. ಅವಳು ಒಬ್ಬ ಪತ್ರಕರ್ತನ ತೋಳು ಹಿಡಿದು ನಿಲ್ಲಿಸಿ, ಅವನದೇ ಪೇಪರು ಅವನಿಗೇ ತೋರಿಸಿದಳು.

"ಅಮ್ಮಾ, ಅದು ಹಳೇ ಸುದ್ದಿ," ಎಂದು ಅವನು ಕೈ ಬಿಡಿಸಿಕೊಂಡು ಓಡಿದ.

ಮಾರನೇ ದಿನ ವಜಾ ಮಾಡಿದ ಆದೇಶ ಬಂತು. ಇವನನ್ನು ದೂರವಿಟ್ಟ ಮೇಲೆ ನೀರಿನ ಮಟ್ಟ ಏರಿರುವುದೇ ಆರೋಪಕ್ಕೆ ಸಾಕ್ಷಿ ಎಂದು ಅದರಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಅದೇ ಬೆಳಗ್ಗೆ ಬೀದಿ ನಲ್ಲಿಯಲ್ಲಿ ನೀರು ಬಂತು. ಇನ್ನು ಮೇಲೆ ಎರಡು ದಿನಕ್ಕೊಮ್ಮೆಯಂತೆ. ಬೀದಿಯಲ್ಲಿ ಸಂಭ್ರಮವೋ ಸಂಭ್ರಮ. ಜನ ಅಂಗಳ ತೊಳೆದರು, ಸ್ಕೂಟರು ತೊಳೆದರು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದರು.

ಅಣ್ಣ ಬಂದ. ಒಳಗೆ ಬರದೆ ಹೊಸಲಿನ ಆಚೆಗೇ ನಿಂತ.

"ಜೈಲಿಗೆ ಹಾಕ್ತೀನಿ ಅಂದ್ರು ಕಣೇ. ಸುಮ್ಮನೆ ಅಂಕಿ ತಿದ್ದಿ ಬರೆದುಕೊಟ್ಟರೆ ಊರಿನ ಗೋಡೆಗಳ ಮೇಲೆಲ್ಲ 'ನೀರು ಉಳಿಸಿ' ಅಂತ ಬರೆಯೋ ಕೆಲಸ ಕೊಡ್ತೀವಿ ಅಂದ್ರು. ಏನು ಮಾಡ್ಲಿ? ಹೇಗೂ ಈಗ ಅಂಕಿ ಸರಿ ಆಯ್ತಲ್ಲ."

ಅವಳಿಗೆ ಅವನ ಮುಖ ನೋಡಲೂ ಹೇಸಿಗೆಯಾಯಿತು. ಮಾತಾಡಿದವನು ಗಂಡ.

"ಭಾವ, ನೀರಿನ ಒಳಗಿರೋ ಅಂಕಿಗಳು?"

"ನೀರಲ್ಲಿ ಬಣ್ಣ ಹಿಡಿಯಲ್ಲ ಭಾವ. ಅವು ಹಾಗೇ ಇವೆ. ನೀರಿನ ಮೇಲಿರೋ ಮೂರು ತಿದ್ದಿದರೆ ಸಾಕು ಅಂದ್ರು."

ಗಂಡ ಬೆರಳು ಮಡಚಿ ಎಣಿಸಿದ. ಹದಿನಾರರ ಕೆಳಗೆ ನೀರಲ್ಲಿ ಮುಳುಗಿರುವುದು ಹದಿನಾಲ್ಕು. ಇನ್ನು ಹತ್ತು ದಿನಕ್ಕೋ ಹದಿನೈದು ದಿನಕ್ಕೋ ಅದು ಮೇಲೆ ಬರುತ್ತದೆ, ಇನ್ನೊಂದು ಮೀಟರು ನೀರು ಕಳುವಾಗುತ್ತದೆ. ಈಗ ಗೇಟಿಗೆ ಬಂದಿರುವವನಿಗೆ ಮೊನ್ನೆ ಮೊನ್ನೆ ಮದುವೆಯಾಗಿದೆ.

"ಆ ಹುಡುಗನಿಗೆ ಹೇಳಿ ಬರಬೇಕು. ಪಾಪ, ಅವನಿಗೇನು ಗೊತ್ತು," ಎಂದು ಗಂಡ ಚಪ್ಪಲಿ ಮೆಟ್ಟಿಕೊಂಡು, ಹೊಸಲಲ್ಲಿದ್ದ ಅಣ್ಣನನ್ನು ಸರಿಸಿ ಹೊರಟ.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಬೀದಿ ನಲ್ಲಿಯ ಕೆಳಗೆ ಎದುರು ಮನೆಯಾಕೆಯ ಬಕೆಟು ತುಂಬಿ, ನೀರು ಉಕ್ಕಿ ಚರಂಡಿಗೆ ಹರಿಯುತ್ತಿತ್ತು. ಆಕೆ ಕಟ್ಟೆಯ ಮೇಲೆ ಕೂತು ಇನ್ನೊಬ್ಬಳ ಜೊತೆ ನಗುತ್ತ ಮಾತಾಡುತ್ತಿದ್ದಳು. ಗಂಡ ದಾಟಿ ಹೋಗಲಾರದೆ ನಿಂತ. ಬಾಗಿ ನಲ್ಲಿಯ ತಿರುಪಿಗೆ ಕೈ ಹಾಕಿದ.

"ಏಯ್, ಕೈ ತೆಗಿ!" ಎಂದು ಆಕೆ ಎದ್ದು ಬಂದಳು. "ನೀನು ತೊಲಗಿದ ಮೇಲೇ ಕಣೋ ನಮಗೆ ನೀರು ಬಂದಿದ್ದು. ಮುಟ್ಟಬೇಡ!"

ಅವನು ಕೈ ತೆಗೆದ. ಬೈದದ್ದು ಕೇಳಿಸಲೇ ಇಲ್ಲವೇನೋ ಎಂಬಂತೆ ಹರಿಯುತ್ತಿದ್ದ ನೀರನ್ನೇ ನೋಡುತ್ತ, "ಸುಮ್ಮನೆ ಹೋಗ್ತಾ ಇದೆಯಲ್ಲಮ್ಮಾ," ಎಂದ.

ಟೈಲರಮ್ಮ ಬೀದಿಗಿಳಿದು ಬಂದು ಅವನ ಒದ್ದೆ ಕೈ ಹಿಡಿದುಕೊಂಡಳು. "ಹರೀಲಿ ಬಿಡ್ರೀ," ಎಂದಳು. "ಬನ್ನಿ, ಆ ಹುಡುಗನ ಹತ್ತಿರ ನಾನೂ ಬರ್ತೀನಿ."